ಕೋಟೆ ತೋಟದ ಬೈನೆ ಮರ

ಹಿಪ್ಪೆ ಮರದ ಬುಡಕ್ಕೆ ಬಳಿದಿದ್ದ ಕೆಮ್ಮಣ್ಣು ಹೆಂಟೆಯಾಗಿ ಕಳಚಿ ಬಿತ್ತು. ಅದರ ಹಿಂದೆ ತೊಗಟೆ ಇರಬೇಕಿತ್ತು. ಇರಲಿಲ್ಲ.

ಅಧ್ಯಕ್ಷ ಮಹೇಶ್ವರಪ್ಪನವರು ಕೊಡೆಯ ತುದಿಯಿಂದ ಇನ್ನಷ್ಟು ಮಣ್ಣು ಕೆದಕಿದರು. ಮರದ ಸುತ್ತಲೂ ಒಂದು ಗೇಣು ಅಗಲ ತೊಗಟೆಯನ್ನು ಯಾರೋ ಪೂರಾ ಸುಲಿದಿದ್ದರು. ಸುಲಿದ ಜಾಗಕ್ಕೆ ಸಗಣಿ ಕಲಸಿದ ಮಣ್ಣು ಮೆತ್ತಿ, ಸಮ ಮಾಡಿ, ಮೇಲೆ ಕೆಮ್ಮಣ್ಣು ಬಳಿದು, ನಡುವೆ ಸುಣ್ಣದ ಪಟ್ಟೆ ಎಳೆದಿದ್ದರು. ಕೊಂದ ಮೇಲೆ ಹೆಣಕ್ಕೆ ಮದುವೆ ಅಂಗಿ ತೊಡಿಸಿದ ಹಾಗಿತ್ತು.

ಪಕ್ಕದ ಹುಣಸೆ ಕೆದಕಿದೆವು. ಅಲ್ಲೂ ಅದೇ. ನೇರಳೆ — ಅದೇ. ಸಂಪಿಗೆ — ಅದೇ. ಆ ಬೇಸಿಗೆಯಲ್ಲಿ ಒಣಗಿ ನಿಂತ ಆರು ಮರಗಳಿಗೂ ಒಂದೇ ಎತ್ತರದಲ್ಲಿ, ಒಂದೇ ಅಗಲದಲ್ಲಿ ಒಂದೊಂದು ಉಂಗುರ.

ಅದು 1943ರ ಮೇ ತಿಂಗಳು, ಶುಕ್ರವಾರ. ಜಾಗ ಚನ್ನಗಿರಿಯ ಕೋಟೆ ಗುಡ್ಡದ ಕೆಳಗಿನ ಹಳೇ ತೋಟ. ಪಾಳೇಗಾರರ ಕಾಲದಲ್ಲಿ ನೆಟ್ಟ ಮರಗಳೆಂದು ಹಿರಿಯರು ಹೇಳುತ್ತಿದ್ದರು. ಪೇಟೆ ಬೆಳೆದು ಸುತ್ತುವರಿದ ಮೇಲೆ ಅದಕ್ಕೊಂದು ಬೇಲಿ, ಕೂರಲು ಕಲ್ಲುಬೆಂಚು, ನೋಡಿಕೊಳ್ಳಲು ಒಂದು ಸಮಿತಿ ಬಂದವು. ಹಸಿ ಮರ ಕಡಿಯಕೂಡದೆಂದು ಹಳೇ ಹುಕುಂ ಒಂದಿತ್ತು. ಒಣಗಿದ್ದನ್ನು ಮಾತ್ರ ಸಮಿತಿ ತೆಗೆಸಬಹುದಿತ್ತು. ಆ ಸಮಿತಿಯ ಗುಮಾಸ್ತ ನಾನು, ಕೊಟ್ರಬಸಪ್ಪ. ನನಗೆ ಸಿಟ್ಟು ಬೇಗ ಬರುತ್ತದೆ, ಊರಿಗೆಲ್ಲ ಗೊತ್ತು. ಆದರೆ ಆ ಸಲ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದರಲ್ಲಿ ಅರ್ಧ ನನ್ನ ಮೇಲೆಯೇ.

“ಈ ಕೆಮ್ಮಣ್ಣು ಬಳಿದೋರು ಯಾರು?” ಮಹೇಶ್ವರಪ್ಪನವರು ಕೇಳಿದರು.

“ಗೋಣೆಪ್ಪ,” ಎಂದೆ. “ಯುಗಾದಿಗೆ.”

ಅಷ್ಟೇ ಸಾಕಾಯಿತು.

ಗೋಣೆಪ್ಪ ತೋಟದ ಮಾಲಿ. ಇಪ್ಪತ್ತೆರಡು ವರ್ಷದಿಂದ ಬಾವಿಯ ಪಕ್ಕದ ಗುಡಿಸಲಿನಲ್ಲಿ ಹೆಂಡತಿ ಅಜ್ಜಮ್ಮನ ಜೊತೆ ಇದ್ದವನು. ಕರೆಸಿದರು. ಬಂದ. ಸುಲಿದ ಜಾಗವನ್ನು ಅಂಗೈಯಿಂದ ಮುಟ್ಟಿ ನೋಡಿದ.

“ಯುಗಾದಿಗೆ ಬಣ್ಣ ಬಳಿದೋನು ನೀನೇ ತಾನೆ?”

“ಹೌದು ಸಾವ್ಕಾರ್ರೆ. ಹಳೇ ಬಣ್ಣದ ಮೇಲೇ ಒಂದು ಕೈ ಎಳೆದೆ. ಒಳಗೆ ಹಿಂಗೈತೆ ಅಂತ ನನಗೇನು ಗೊತ್ತು?”

“ನಿನಗೆ ಗೊತ್ತಿಲ್ದಂಗೆ ಈ ತೋಟದಾಗೆ ಇಷ್ಟೆಲ್ಲ ನಡೀತೈತಾ? ಯುಗಾದಿಗೆ ಮುಂಚೆ ಏನಂದಿದ್ದೆ, ನೆನಪೈತಾ?”

ಎಲ್ಲರಿಗೂ ನೆನಪಿತ್ತು. ಬಾವಿಯ ಹಗ್ಗ ಹರಿದು ತಿಂಗಳಾದರೂ ಸಮಿತಿ ಹೊಸದು ಕೊಡಿಸಿರಲಿಲ್ಲ. ಗೋಣೆಪ್ಪ ಊರಿನ ಮನೆಮನೆಯಲ್ಲಿ ಹಗ್ಗ ಬೇಡಿ, ಗಂಟು ಹಾಕಿ ನೀರು ಸೇದುತ್ತಿದ್ದ. ಒಂದು ದಿನ ಸಭೆಯ ಎದುರೇ ಕೂಗಿಬಿಟ್ಟ: “ನಿಮಗೇ ಬ್ಯಾಡಾದ್ರೆ ನನಗ್ಯಾಕೆ? ಒಣಗಿ ಹೋಗ್ಲಿ ಈ ತೋಟ.” ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಗೋಣೆಪ್ಪನಿಗೆ ದವಡೆಯಲ್ಲ, ಬದುಕೇ ಹೋಗುವ ಹಾಗಾಯಿತು.

ಮರಗಳು ಯುಗಾದಿಯವರೆಗೂ ಚೆನ್ನಾಗಿದ್ದವು. ಶಿವರಾತ್ರಿ ಕಳೆದದ್ದೇ ಚಿಗುರಿ, ತೋಟವೆಲ್ಲ ತಾಮ್ರದ ಬಣ್ಣವಾಗಿತ್ತು. ಮೇ ತಿಂಗಳಲ್ಲಿ ಎಲೆ ಬಾಡಿ ಒಂದೇ ವಾರದಲ್ಲಿ ಸುರಿದುಹೋದವು. ಹಾಗಾದರೆ ಸುಲಿದದ್ದು ಯಾವಾಗ? ಯುಗಾದಿಗೆ. ಆಗ ಬಣ್ಣ ಹಿಡಿದು ಮರದ ಬುಡದಲ್ಲಿ ಕೂತಿದ್ದವನು ಯಾರು? ಗೋಣೆಪ್ಪ. ಮಗುವೂ ಹೇಳಬಹುದಾದ ಲೆಕ್ಕ ಎಂದರು ಮಹೇಶ್ವರಪ್ಪನವರು. ಸೋಮವಾರ ಸಂಜೆಯ ಸಭೆಯ ಹೊತ್ತಿಗೆ ಗುಡಿಸಲು ಖಾಲಿಯಾಗಬೇಕು, ಸಭೆ ಮುಗಿದ ಮೇಲೆ ಗೋಣೆಪ್ಪನನ್ನು ಫಿರ್ಯಾದು ಸಮೇತ ಪೊಲೀಸಿಗೆ ಒಪ್ಪಿಸಬೇಕು. ನೋಟೀಸು ಬರೆದದ್ದು ನಾನು. ಒಂದು ಮಾತೂ ಕೇಳದೆ ಬರೆದೆ.

ಅವತ್ತೇ ಸಂಜೆ ಸಮಿತಿಯ ಸದಸ್ಯ ವಿರೂಪಾಕ್ಷಪ್ಪನವರು ಕಚೇರಿಗೆ ಬಂದರು. ಜಗಳೂರು ಸೀಮೆಯವರು, ಹತ್ತು ವರ್ಷದ ಹಿಂದೆ ಬಂದು ಇಲ್ಲಿ ಇದ್ದಲು ವ್ಯಾಪಾರ ಹೂಡಿದವರು. ಯುದ್ಧದಿಂದಾಗಿ ಪೆಟ್ರೋಲು ಸಿಗುತ್ತಿರಲಿಲ್ಲ. ಹೊನ್ನಾಳಿಗೆ, ನ್ಯಾಮತಿಗೆ ಹೋಗುವ ಬಸ್ಸುಗಳೆಲ್ಲ ಬೆನ್ನಿಗೊಂದು ಪೀಪಾಯಿ ಕಟ್ಟಿಕೊಂಡು ಇದ್ದಲಿನ ಗ್ಯಾಸಿನಲ್ಲೇ ಓಡುತ್ತಿದ್ದವು. ಆ ಇದ್ದಲು ಇವರದು.

“ಒಣಗಿದ ಕೊಂಬೆ ಯಾರ ತಲೆ ಮೇಲಾದ್ರೂ ಬಿದ್ದೀತು, ಕೊಟ್ರಬಸಪ್ಪನೋರೆ. ನನ್ನ ಆಳು ಕಳಿಸಿ ಪುಕ್ಕಟೆ ತೆಗೆಸಿ ಕೊಡ್ತೀನಿ. ಊರ ಸೇವೆ,” ಎಂದು ಬರೆದು ತಂದಿದ್ದ ಅರ್ಜಿ ಕೊಟ್ಟು ಹೋದರು. ಬೆಲ್ಲದಂಥ ಮಾತು. ಅರ್ಜಿಯಲ್ಲಿ ಒಂದು ಸಣ್ಣ ತಪ್ಪಿತ್ತು. ತಿದ್ದಿ ಕಡತಕ್ಕೆ ಸೇರಿಸಿದೆ.

ಶನಿವಾರ ಬೆಳಗ್ಗೆ ನಾನು ತೋಟಕ್ಕೆ ಹೋದಾಗ ಅಜ್ಜಮ್ಮ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದಳು. ಪಕ್ಕದಲ್ಲಿ ಸಿದ್ದಲಿಂಗಮ್ಮ ನಿಂತಿದ್ದರು. ಉಬ್ರಾಣಿಯವರು, ಐವತ್ತೈದರ ಹೆಂಗಸು, ಗಂಡ ಇಲ್ಲ. ನಾಟಿ ಔಷಧಿ ಕೊಡುವುದು ಕಸುಬು. ವಾರಕ್ಕೊಮ್ಮೆ ಬಂದು ಬಾವಿಯ ಕಾಲುವೆ ಪಕ್ಕದ ಒಂದೆಲಗ, ನೆರಳಲ್ಲಿ ಬೆಳೆಯುವ ಬೇರು ನಾರು, ಕೆಲವು ಮರಗಳ ಚಕ್ಕೆ ತೆಗೆದುಕೊಂಡು ಹೋಗುತ್ತಿದ್ದರು. ಓದು ಬರಹ ಇಲ್ಲ. ನಾಲಿಗೆ ಮಾತ್ರ ಹರಿತ.

“ಗುಮಾಸ್ತ್ರೆ, ಆ ನೋಟೀಸು ಬರೆದಿದ್ದು ನೀವೇನಾ?”

“ಹೌದು.”

“ಅಕ್ಷರ ಗುಂಡಗೆ ಚೆಂದ ಐತಂತೆ. ಬರೆಯುವಾಗ ಬುದ್ಧಿ ಎಲ್ಲಿಟ್ಟಿದ್ರಿ?”

ಬೇರೆಯವರಾಗಿದ್ದರೆ ಜಗಳವೇ ಆಗುತ್ತಿತ್ತು. ಅಜ್ಜಮ್ಮ ಎದುರಿಗಿದ್ದಳು, ನನ್ನ ಕಡೆ ನೋಡಲೂ ಇಲ್ಲ. ಸಿಟ್ಟು ನುಂಗಿಕೊಂಡೆ.

“ಗೋಣೆಪ್ಪ ಮಾಡಿಲ್ಲ ಅಂತೀರಾ?”

“ಅವನು ಮಾಡಿಲ್ಲ ಅಂತ ಮರ ಹೇಳ್ತೈತೆ. ನಾನು ಚಕ್ಕೆ ಕೀಳೋಳು. ಇವತ್ತು ಅವನ ಹೆಸರು ಬಂತು, ನಾಳೆ ನಂದು ಬರ್ತೈತೆ. ಅದಕ್ಕೆ ನಾನೇ ನೋಡ್ತೀನಿ. ನೀವೂ ಜೊತೆಗೆ ಬರ್ರಿ. ನಾನೊಬ್ಬಳೇ ಹೇಳಿದ್ರೆ ಯಾರು ಕೇಳ್ತಾರೆ?”

ಮೊದಲು ಬಾಗಿಲ ಬಳಿಯ ಮತ್ತಿ ಮರಕ್ಕೆ ಕರೆದೊಯ್ದರು. ಅದು ಚೆನ್ನಾಗಿ ಹಸಿರಾಗಿತ್ತು. ಬುಡದಲ್ಲಿ ಬಣ್ಣದ ಮೇಲ್ಗಡೆ, ಮೂಡಣ ದಿಕ್ಕಿಗೆ, ಅಂಗೈ ಅಗಲದ ಉದ್ದನೆಯ ಗಾಯಗಳಿದ್ದವು. ಎಲ್ಲ ಅವರೇ ಚಕ್ಕೆ ತೆಗೆದವು.

“ನೋಡ್ರಿ. ಚಕ್ಕೆ ತೆಗೆಯೋದಾದ್ರೆ ಉದ್ದಕ್ಕೆ ತೆಗೀಬೇಕು, ಅಂಗೈಯಷ್ಟೇ ತೆಗೀಬೇಕು. ತೆಗೆಯಾಕೆ ಮುಂಚೆ ಬುಡಕ್ಕೆ ಅಕ್ಕಿಕಾಳು ಹಾಕಿ ಕೇಳ್ಕೋಬೇಕು. ಸುತ್ತ ತೆಗೆಯೋದು ಅಂದ್ರೆ ಕುತ್ತಿಗೆ ಹಿಚುಕಿದಂಗೆ. ಎಲೆ ಮಾಡಿದ ಅನ್ನ ತೊಗಟೆಯಾಗೆ ಬೇರಿಗೆ ಇಳಿಯೋದು. ದಾರಿ ಕಡಿದ್ರೆ ಬೇರಿಗೆ ಉಪವಾಸ.”

“ಹಾಗಿದ್ದರೆ ಕೂಡಲೇ ಸಾಯಬೇಕಲ್ಲ?”

“ಅಲ್ಲೇ ನೀವೆಲ್ಲ ಎಡವಿದ್ದು. ಬೇರಿನಾಗೆ ಹಳೇ ಕೂಡಿಕೆ ಇರ್ತೈತೆ. ಅದು ಮುಗಿಯೋವರೆಗೂ ನೀರು ಮೇಲಕ್ಕೆ ಹೋಗ್ತೈತೆ, ಮರ ಚಿಗುರ್ತೈತೆ ಕೂಡ. ಮುಗಿದ ಮೇಲೆ ಒಂದೇ ಸಲ ಬೀಳ್ತೈತೆ. ದೊಡ್ಡ ಮರ ಆರು ತಿಂಗಳು, ಏಳು ತಿಂಗಳು ಹಿಡೀತೈತೆ. ಈಗ ಈ ಗಾಯ ಮುಟ್ರಿ. ಇದು ಯುಗಾದಿಗೆ ತೆಗೆದದ್ದು.”

ಮುಟ್ಟಿದೆ. ಗಾಯದ ಅಂಚಿನಲ್ಲಿ ಹೊಸ ತೊಗಟೆ ದಾರದಷ್ಟು ಮಾತ್ರ ಉಬ್ಬಿತ್ತು.

“ಇದು ಶಿವರಾತ್ರಿದು. ಇದು ಹೋದ ಮಹಾನವಮಿದು.”

ಮಹಾನವಮಿಯ ಗಾಯಕ್ಕೆ ಬೆರಳು ದಪ್ಪದ ತುಟಿ ಬಂದಿತ್ತು. ಅಲ್ಲಿಂದ ನೇರ ಹಿಪ್ಪೆ ಮರಕ್ಕೆ ನಡೆದೆವು. ಉಂಗುರದ ಮೇಲಂಚಿಗೆ ಅಂಟಿದ್ದ ಮಣ್ಣನ್ನು ಅವರು ಉಗುರಿನಿಂದ ಬಿಡಿಸಿದರು. ಅಲ್ಲೂ ಬೆರಳು ದಪ್ಪದ ತುಟಿ. ಹುಣಸೆಗೂ. ನೇರಳೆಗೂ.

“ಮಹಾನವಮಿ,” ಎಂದೆ.

“ಆವಾಗ ಗೋಣೆಪ್ಪ ಎಲ್ಲಿದ್ದ?”

ನನಗೆ ಗೊತ್ತಿತ್ತು. ರಜೆ ಚೀಟಿ ಬರೆದದ್ದೂ ನಾನೇ. ಮಹಾನವಮಿಗೆ ಮುಂಚಿನ ಹತ್ತು ದಿನ ಅವನೂ ಅಜ್ಜಮ್ಮನೂ ಹೊನ್ನಾಳಿಯಲ್ಲಿ, ಹಾಸಿಗೆ ಹಿಡಿದ ಅವನ ತಾಯಿಯ ಹತ್ತಿರ ಇದ್ದರು. ಹಬ್ಬ ಮುಗಿದ ಮೇಲೇ ಬಂದದ್ದು. ರಜೆ ಚೀಟಿ, ನೋಟೀಸು — ಎರಡೂ ನನ್ನ ಕೈಬರಹ, ಒಂದೇ ಕಪಾಟಿನಲ್ಲಿದ್ದವು. ಒಂದರ ಪಕ್ಕ ಒಂದನ್ನು ಇಟ್ಟು ನೋಡಬೇಕೆಂದು ನನಗೆ ಹೊಳೆದಿರಲಿಲ್ಲ.

“ಹಬ್ಬಕ್ಕೆ ಮುಂಚೆ ತೋಟದಾಗೆ ಯಾರಿದ್ರು?” ಸಿದ್ದಲಿಂಗಮ್ಮ ಕೇಳಿದರು.

“ಮರಗಳಿಗೆ ಬಣ್ಣ ಬಳಿಯಲು ಮೂರು ದಿನ ತೋಟ ಮುಚ್ಚಿದ್ದೆವು. ವಿರೂಪಾಕ್ಷಪ್ಪನವರ ಸೇವೆ ಅದು. ಅವರ ಜಗಳೂರು ಕಡೆಯ ಆಳುಗಳೇ ಬಳಿದರು. ಆದರೆ ಬಾಗಿಲು ಮುಚ್ಚಿದರೂ ಒಳಗೆ ಬರುವ ದಾರಿ ಇನ್ನೊಂದಿದೆ. ಕಲ್ಲೇಶಪ್ಪನವರ ಹಿತ್ತಲ ಬಾಗಿಲು.”

ಹೇಳುತ್ತಿದ್ದ ಹಾಗೇ ನನ್ನ ಸಿಟ್ಟು ಕಲ್ಲೇಶಪ್ಪನವರ ಮೇಲೆ ಹಾರಿತು. ತೋಟದ ಬೆನ್ನಿಗೆ ಹೊಂದಿಕೊಂಡೇ ಅವರು ಅಡಿಕೆ ಒಣಗಿಸುವ ಅಂಗಳ. ಮರದ ನೆರಳು ಬೀಳುತ್ತದೆ ಎಂದು ಐದು ವರ್ಷದಿಂದ ಜಗಳ. ಬೇರೆ ಯಾರು ಮಾಡಿಯಾರು? ಆಗಲೇ ಹೊರಟೆ. ಸಿದ್ದಲಿಂಗಮ್ಮ ತೋಳು ಹಿಡಿದು ನಿಲ್ಲಿಸಿದರು.

“ತಡೀರಿ. ನಿನ್ನೆ ಒಬ್ಬನ ಮೇಲೆ ಹಾರಿದ್ರಿ, ಇವತ್ತು ಇನ್ನೊಬ್ಬನಾ? ಇನ್ನೂ ಬಣ್ಣ ಬಳಿದ ಮರ ಎಷ್ಟವೆ, ಎಲ್ಲ ನೋಡಿ ಹೋಗಾಣ.”

ಬಣ್ಣ ಬಳಿದ ಮರ ಹತ್ತಿಪ್ಪತ್ತಿದ್ದವು. ಒಣಗಿದ ಆರನ್ನು ಬಿಟ್ಟು ಉಳಿದವೆಲ್ಲ ಹಸಿರು. ನೋಡುವುದೇನಿದೆ? ನಾನು ಗೊಣಗಿದೆ. ಅವರು ಒಂದೊಂದರ ಬುಡವನ್ನೂ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದರು. ಬಾವಿಯ ಹಿಂದೆ, ಬೇಲಿಯ ಮೂಲೆಯಲ್ಲಿ ಒಂದು ಬೈನೆ ಮರ — ಮೀನಿನ ಬಾಲದಂಥ ಎಲೆ, ದಟ್ಟವಾದ ತಲೆ. ದಾರಿಯಿಂದ ಕಾಣುವುದೇ ಇಲ್ಲ. ಅದರ ಬುಡ ತಟ್ಟಿದಾಗ ಅವರ ಕೈ ನಿಂತಿತು. ಉಗುರಿನಿಂದ ಕೆದಕಿದರು. ಮಣ್ಣು ಉದುರಿತು.

ಅಲ್ಲೂ ಉಂಗುರವಿತ್ತು. ಒಂದು ಗೇಣು ಅಗಲ, ಅದೇ ಎತ್ತರ. ತೊಗಟೆಯ ಬದಲು ಗಟ್ಟಿ ನಾರು, ಕೊಡಲಿಯಿಂದ ಕೆತ್ತಿದ ಗುರುತು.

ನಾನು ತಲೆ ಎತ್ತಿ ನೋಡಿದೆ. ಮೇಲೆ ಎಲೆಗಳು ಗಾಳಿಗೆ ತೂಗುತ್ತಿದ್ದವು. “ಇದು ಹಸಿರಾಗೇ ಇದೆಯಲ್ಲ?”

“ಐತೆ,” ಎಂದರು. ಹಸಿಮಣ್ಣು ಕಲಸಿ ಮತ್ತೆ ಮೆತ್ತಿದರು, ಮೇಲೆ ಕೆಮ್ಮಣ್ಣು ಸವರಿದರು. “ಸೋಮವಾರದವರೆಗೆ ಇದನ್ನ ಯಾರಿಗೂ ಹೇಳಬ್ಯಾಡ್ರಿ. ಈಗ ಕಲ್ಲೇಶಪ್ಪನೋರ ಹತ್ರ ಹೋಗಾಣ.”

ಕಲ್ಲೇಶಪ್ಪನವರು ಖಾಲಿ ಅಂಗಳದಲ್ಲಿ ಚಾಪೆ ಝಾಡಿಸುತ್ತಿದ್ದರು. ನನ್ನ ಮುಖ ನೋಡಿದ್ದೇ ಅವರ ಮುಖ ಗಂಟಿಕ್ಕಿತು.

“ನೆರಳಿನ ವಿಷಯ ಜಗಳ ಇತ್ತು ತಾನೆ?” ಎಂದೆ.

“ಇತ್ತು. ಈಗ್ಲೂ ಐತೆ. ಬೇಯಿಸಿದ ಅಡಿಕೆಗೆ ಬಿಸಿಲು ಬೇಕ್ರಿ. ಆ ಹುಣಸೆ ಮಧ್ಯಾಹ್ನಕ್ಕೇ ಅಂಗಳ ನುಂಗ್ತಿತ್ತು. ಕೊಂಬೆ ಸವರಿಸಿಕೊಡ್ರಿ ಅಂತ ಮೂರು ಅರ್ಜಿ ಕೊಟ್ಟೆ. ಒಂದಕ್ಕಾದ್ರೂ ಉತ್ತರ ಬರೆದ್ರಾ ನೀವು?”

ಬರೆದಿರಲಿಲ್ಲ.

“ನನಗೆ ಅಡ್ಡ ಆಗಿದ್ದು ಹುಣಸೆ ಒಂದೇ. ಸಂಪಿಗೆ ಆ ಮೂಲೆಯಾಗೈತೆ. ಅದರ ನೆರಳು ನನ್ನ ಕಡೆ ಬೀಳೋದೇ ಇಲ್ಲ. ಅದನ್ನ ನಾನ್ಯಾಕೆ ಮುಟ್ಟಲಿ? ಊರೆಲ್ಲ ಒಳಗೊಳಗೇ ನನ್ನ ಹೆಸರು ಹೇಳ್ತೈತೆ, ಗೊತ್ತು ನನಗೆ. ನಿನ್ನೆ ಅಂಗಡಿಯಾಗೆ ಒಬ್ಬ ನನ್ನ ಕೈಯಿಂದ ಎಲೆ ಅಡಿಕೆ ತಗಳ್ಳಲಿಲ್ಲ.”

ಸಿದ್ದಲಿಂಗಮ್ಮ ಬೇರೇನೋ ಕೇಳಿದರು. “ಸಾವ್ಕಾರ್ರೆ, ನಿಮ್ಮ ಅಡಿಕೆ ಮರಕ್ಕೆ ಹಿಂಗೆ ಸುತ್ತ ಸುಲಿದ್ರೆ ಏನಾಗ್ತೈತೆ?”

“ಏನಾಗ್ತೈತೆ? ಗಾಯ ಆಗ್ತೈತೆ, ಮರ ಹಂಗೇ ಇರ್ತೈತೆ. ಅಡಿಕೆಗೆ ತೊಗಟೆ ಎಲ್ಲೈತ್ರಿ ಸುಲಿಯಾಕೆ? ಅದರ ಜೀವ ನೆತ್ತಿಯಾಗೆ. ಸುಳಿ ಮುರಿದ್ರೆ ಮಾತ್ರ ಸಾಯ್ತೈತೆ. ನಲ್ಲೂರಿಂದ ಇಲ್ಲಿಗಂಟ ಯಾವ ಕೂಸಿಗೆ ಕೇಳಿದ್ರೂ ಹೇಳ್ತೈತೆ.”

ಪೇಟೆಯಲ್ಲಿ ಬೆಳೆದು ಕಾಗದ ಬರೆಯುವುದನ್ನಷ್ಟೇ ಕಲಿತ ನನಗೆ ಮಾತ್ರ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಅದರ ಅರ್ಥ ಹೊಳೆಯಲಿಲ್ಲ.

ಭಾನುವಾರ ಇದ್ದಲು ಮಂಡಿಗೆ ಹೋದೆವು. ವಿರೂಪಾಕ್ಷಪ್ಪನವರು ನಮ್ಮಿಬ್ಬರಿಗೂ ಮಜ್ಜಿಗೆ ತರಿಸಿದರು. ಸಿದ್ದಲಿಂಗಮ್ಮ ಮುಟ್ಟಲಿಲ್ಲ.

“ಮಹಾನವಮಿಗೆ ಬಣ್ಣ ಬಳಿಸಿದ್ದು ನೀವೇ ಅಲ್ವಾ?”

“ನಾನೇ ತಾಯಿ. ಸುಣ್ಣ, ಕೆಮ್ಮಣ್ಣು, ಆಳು — ಎಲ್ಲ ನಂದೇ. ಆಗ ಮರಗಳು ಎಷ್ಟು ಚೆನ್ನಾಗಿದ್ದವು. ಪಾಪಿ, ಯುಗಾದಿಗೆ ಹಿಂಗೆ ಮಾಡಿದ.”

“ಇದ್ದಲಿಗೆ ಹಸಿ ಮರ ಒಳ್ಳೇದೋ, ಒಣಗಿದ್ದೋ?”

“ನಿಂತಲ್ಲೇ ಒಣಗಿದ್ದು ಚಿನ್ನ ಇದ್ದಂಗೆ. ಹಸಿದು ಬರೀ ಹೊಗೆ.”

“ನಿಮ್ಮ ಜಗಳೂರು ಕಡೆ ಹೊಲದಾಗಿನ ಜಾಲಿ ಹೆಂಗೆ ತೆಗೀತಾರೆ?”

ಲೋಟ ಅವರ ಬಾಯಿಯ ಹತ್ತಿರ ಒಂದು ಗಳಿಗೆ ನಿಂತಿತು. “ಒಬ್ಬೊಬ್ಬರು ಒಂದೊಂದು ತರ,” ಎಂದು ನಕ್ಕರು. “ಇದೆಲ್ಲ ಯಾಕೆ ತಾಯಿ?”

“ಮದ್ದಿಗೆ,” ಎಂದು ಸಿದ್ದಲಿಂಗಮ್ಮ ಎದ್ದರು.

ದಾರಿಯಲ್ಲಿ ನನ್ನ ಕಡೆ ತಿರುಗಿದರು. “ಆ ಮರ ತೆಗೆಯಾಕೆ ಅಂತ ಯಾರಾದ್ರೂ ಕೇಳಿದಾರಾ?”

ಕಚೇರಿ ತೆರೆದು ವಿರೂಪಾಕ್ಷಪ್ಪನವರ ಅರ್ಜಿ ತೋರಿಸಿದೆ. ಓದಿ ಹೇಳಿದೆ: ಕೋಟೆ ತೋಟದಲ್ಲಿ ಒಣಗಿದ ಆರು ಮರಗಳನ್ನು ಸ್ವಂತ ಖರ್ಚಿನಲ್ಲಿ ತೆರವು ಮಾಡಿಕೊಡುವುದಾಗಿ... ಅವರು ಬಗ್ಗಿ ನೋಡಿದರು. ಅಕ್ಷರ ಬಾರದ ಆ ಹೆಂಗಸಿನ ಬೆರಳು ನೇರ ಒಂದು ಜಾಗಕ್ಕೆ ಹೋಯಿತು.

“ಇಲ್ಲಿ ಏನೋ ಹೊಡೆದು ಹಾಕೈತಲ್ಲ?”

“ಅದು ನಾನು. ಏಳು ಎಂದು ಬರೆದಿದ್ದರು. ಒಣಗಿದ್ದು ಆರು ತಾನೇ? ತಿದ್ದಿದೆ.”

ಸಿದ್ದಲಿಂಗಮ್ಮ ಬೆಂಚಿನ ಮೇಲೆ ಕೂತುಬಿಟ್ಟರು. ಆಮೇಲೆ ಹೇಳಿದರು: “ಗುಮಾಸ್ತ್ರೆ, ಈ ಕಾಗದ ನಾಳೆಗಂಟ ಜೋಪಾನ ಮಾಡ್ರಿ. ಇನ್ನು ಮುಂದೆ ಯಾರದ್ದನ್ನೂ ತಿದ್ದಾಕೆ ಹೋಗಬ್ಯಾಡ್ರಿ.”

ಸೋಮವಾರ ಸಂಜೆ ಸಭೆ ತೋಟದ ಕಲ್ಲುಬೆಂಚುಗಳ ಮೇಲೇ ಸೇರಿತು. ಮಹೇಶ್ವರಪ್ಪನವರು ನಡುವೆ, ಪಕ್ಕದಲ್ಲಿ ವಿರೂಪಾಕ್ಷಪ್ಪನವರು. ಕಲ್ಲೇಶಪ್ಪನವರನ್ನೂ ಕರೆಸಿದ್ದೆ. ಊರವರು ಬೇಲಿಯ ಹೊರಗೆ ತುಂಬಿದ್ದರು. ಗೋಣೆಪ್ಪ, ಅಜ್ಜಮ್ಮ ಎರಡು ಗೋಣಿಗಂಟಿನ ಜೊತೆ ಬಾವಿಕಟ್ಟೆಯ ಬಳಿ ನಿಂತಿದ್ದರು. ಗುಡಿಸಲಿನ ಬಾಗಿಲು ತೆರೆದು ಹೊಡೆದುಕೊಳ್ಳುತ್ತಿತ್ತು.

ಸಿದ್ದಲಿಂಗಮ್ಮ ಎದ್ದು ನಿಂತಾಗ ಮಹೇಶ್ವರಪ್ಪನವರು ಹುಬ್ಬು ಗಂಟಿಕ್ಕಿದರು. “ಹೆಂಗಸರಿಗೆ ಇಲ್ಲೇನು ಕೆಲಸ?”

“ನಾನು ಮಾತಾಡಬೇಕಂತ ಆಸೆ ಇಲ್ಲ ಸಾವ್ಕಾರ್ರೆ. ನಿಮ್ಮಲ್ಲಿ ಯಾರೂ ಮಾತಾಡಲಿಲ್ಲ, ಅದಕ್ಕೆ.”

ಮೊದಲು ಗಾಯದ ತುಟಿಗಳನ್ನು ತೋರಿಸಿದರು. ಯುಗಾದಿಯದು ದಾರ, ಮಹಾನವಮಿಯದು ಬೆರಳು. ಒಬ್ಬೊಬ್ಬರನ್ನಾಗಿ ಕರೆದು ಮುಟ್ಟಿಸಿದರು. ನಾನು ಗೋಣೆಪ್ಪನ ರಜೆ ಚೀಟಿ ಓದಿದೆ. ಬೇಲಿಯ ಹೊರಗೆ ಗುಸುಗುಸು ಶುರುವಾಯಿತು. ಮಹೇಶ್ವರಪ್ಪನವರ ಕೊಡೆ ನೆಲ ಕುಟ್ಟುವುದನ್ನು ನಿಲ್ಲಿಸಿತು.

“ಹಂಗಾದ್ರೆ ಮಾಡಿದೋರು ಯಾರು?”

“ಹೇಳ್ತೀನಿ. ಅದಕ್ಕೆ ಮುಂಚೆ ಇವರನ್ನ ಒಂದು ಮಾತು ಕೇಳಬೇಕು.” ಸಿದ್ದಲಿಂಗಮ್ಮ ತಿರುಗಿದರು. “ವಿರೂಪಾಕ್ಷಪ್ಪನೋರೆ, ನಿಮ್ಮ ಅರ್ಜಿಯಾಗೆ ಒಣಗಿದ ಮರ ಏಳು ಅಂತ ಬರೆದಿದ್ರಂತೆ. ಗುಮಾಸ್ತ್ರು ಆರು ಅಂತ ತಿದ್ದಿದಾರೆ. ಆರು ನಮಗೆಲ್ಲ ಕಾಣ್ತೈತೆ. ಏಳನೇದು ಯಾವುದು?”

“ಏಳು ಅಂತ ಬರೆದಿದ್ದೆ, ಸರಿಯಾಗೇ ಬರೆದಿದ್ದೆ,” ಎಂದರು ಅವರು, ಗುಮಾಸ್ತನ ತಪ್ಪು ಹಿಡಿದ ಗತ್ತಿನಲ್ಲಿ. “ಬಾವಿ ಹಿಂದೆ, ಬೇಲಿ ಮೂಲೆಯಾಗೆ ಒಂದೈತೆ. ಅದನ್ನ ನೋಡದೇ ತಿದ್ದಿದಾರೆ.”

“ಬರ್ರಿ, ನೋಡಾಣ.”

ಎಲ್ಲರೂ ಬಾವಿಯ ಹಿಂದಕ್ಕೆ ಹೋದೆವು. ಬೈನೆ ಮರ ತಲೆ ತುಂಬ ಹಸಿರು ಹೊತ್ತು ನಿಂತಿತ್ತು. ವಿರೂಪಾಕ್ಷಪ್ಪನವರು ಮೇಲಕ್ಕೆ ನೋಡಿದರು. ಆಮೇಲೆ ನೆಲ ನೋಡಿದರು.

“ಇದು ಒಣಗೈತಾ?” ಸಿದ್ದಲಿಂಗಮ್ಮ ಕೇಳಿದರು. ಅವರು ಬುಡದ ಮಣ್ಣು ಕೆದರಿದರು. ಉಂಗುರ ಬಯಲಾಯಿತು. ಯಾರೋ ಹಿಂದಿನಿಂದ “ಅಯ್ಯೋ ಶಿವನೆ” ಎಂದರು.

“ಇದಕ್ಕೂ ಉಂಗುರ ಹಾಕೈತೆ ಅಂತ ಹಾಕಿಸಿದೋನಿಗೆ ಬಿಟ್ರೆ ಊರಾಗೆ ಯಾರಿಗೂ ಗೊತ್ತಿರಲಿಲ್ಲ. ನಾನೇ ಶನಿವಾರ ಕಂಡಿದ್ದು. ಅರ್ಜಿ ಬಂದಿದ್ದು ಶುಕ್ರವಾರ. ಮರ ಏಳು ಸುಲಿಸಿದೋನು ಏಳೂ ಒಣಗ್ತವೆ ಅಂತ ಕೂತಿದ್ದ. ಬಂದು ನೋಡೋ ಗೋಜಿಗೂ ಹೋಗಲಿಲ್ಲ. ಲೆಕ್ಕದ ಪ್ರಕಾರ ಅರ್ಜಿ ಬರೆಸಿ ತಂದುಕೊಟ್ಟ.”

ಅವರು ಬೈನೆಯ ಮೇಲೆ ಅಂಗೈ ಇಟ್ಟರು.

“ಎಲ್ರೂ ಸತ್ತ ಆರನ್ನೇ ನೋಡಿದ್ರಿ. ಸಾಯದೇ ಇದ್ದ ಒಂದನ್ನ ಯಾರೂ ನೋಡಲಿಲ್ಲ. ಇದು ಅಡಿಕೆ ಕುಲದ್ದು. ಇದಕ್ಕೆ ತೊಗಟೆ ಇಲ್ಲ, ಸುತ್ತ ಕೆತ್ತಿದ್ರೆ ಸಾಯಲ್ಲ. ಅಧ್ಯಕ್ಷರು ಅಡಿಕೆಯೋರು, ಕಲ್ಲೇಶಪ್ಪನೋರು ಅಡಿಕೆಯೋರು, ಗೋಣೆಪ್ಪ ಅಡಿಕೆ ಮರ ಹತ್ತಿ ಬೆಳೆದೋನು. ಇವರಲ್ಲಿ ಯಾರಾದ್ರೂ ಇದಕ್ಕೆ ಉಂಗುರ ಹಾಕ್ತಿದ್ರಾ? ಸುಳಿ ಮುರೀತಿದ್ರು. ಕೊಡಲಿ ಹಾಕಿದಾಗ ತೊಗಟೆ ಏಳದೇ ನಾರು ಬಂದ್ರೂ ಬುದ್ಧಿ ಬರದೇ ಇದ್ದೋನು ಅಡಿಕೆ ಕಾಣದ ಸೀಮೆಯೋನು. ಹೊಲದ ಜಾಲಿಗೆ ಉಂಗುರ ಹಾಕಿ ನಿಂತಲ್ಲೇ ಒಣಗಿಸಿ ಇದ್ದಲು ಸುಡೋನು. ಎಲೆ ನೋಡಿ ಇದೂ ಒಂದು ಮರ ಅಂದ್ಕೊಂಡ. ಈ ವಿರೂಪಾಕ್ಷಪ್ಪನೋರು.”

ವಿರೂಪಾಕ್ಷಪ್ಪನವರ ಬೆಲ್ಲ ಕರಗಿ ಹೋಗಿತ್ತು. “ಆಳುಗಳು ಏನು ಮಾಡಿದ್ರೋ ನನಗೇನು ಗೊತ್ತು?” ಎಂದರು.

“ಆಳು ಮಾಡಿದ್ದು ಗೊತ್ತಿಲ್ದಿದ್ರೆ ಧಣಿ ಅರ್ಜಿಯಾಗೆ ಏಳು ಅಂತ ಹೆಂಗೆ ಬಂತು?”

ಆಗ ಆ ಮನುಷ್ಯ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. “ಆರು ಮರಕ್ಕೆ ಇಷ್ಟೊಂದು ಪಂಚಾಯ್ತಿನಾ? ಯುದ್ಧದ ಕಾಲ. ನಿಮ್ಮ ಬಸ್ಸು ಓಡಬೇಕೋ ಬ್ಯಾಡೋ? ಸುಮ್ನೆ ನಿಂತಿದ್ದ ಮರ, ಊರಿಗೆ ಉಪಯೋಗ ಆಗ್ಲಿ ಅಂದೆ.”

ಸುಮ್ಮನೆ ನಿಂತಿದ್ದ ಮರ! ಆ ಹಿಪ್ಪೆಯ ಕೊಂಬೆಯಲ್ಲಿ ನೂರಾರು ಬಾವಲಿ ತೂಗುತ್ತಿದ್ದವು, ಈಗ ಒಂದಿಲ್ಲ. ನೇರಳೆಯ ಕೆಳಗಿನ ಒಂದೆಲಗವೆಲ್ಲ ನೇರ ಬಿಸಿಲಿಗೆ ಕರಕಲಾಗಿತ್ತು. ಸಂತೆಗೆ ಬಂದವರು ಹೊರೆ ಇಳಿಸುತ್ತಿದ್ದ ನೆರಳಿನಲ್ಲಿ ಕಲ್ಲು ಕಾದು ಕೂರಲಾಗುತ್ತಿರಲಿಲ್ಲ. ಮತ್ತು ಇದೇ ಮನುಷ್ಯ ಮೂರು ದಿನದಿಂದ ಇನ್ನೊಬ್ಬನನ್ನು ಪಾಪಿ ಅನ್ನುತ್ತಿದ್ದ. ನನ್ನ ಕೈ ಮೇಲೆದ್ದಿತು. ಹೊಡೆಯಲಿಲ್ಲ, ಅದು ನನ್ನ ಪುಣ್ಯವೋ ಅವನದೋ ತಿಳಿಯದು.

ಮಹೇಶ್ವರಪ್ಪನವರು ಕೆಮ್ಮಿದರು. ಅವರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. “ಆಗಿದ್ದು ಆಗಿ ಹೋಯ್ತು. ವಿರೂಪಾಕ್ಷಪ್ಪನೋರು ಸಮಿತಿಗೆ ಬೇಕಾದೋರು. ಗೋಣೆಪ್ಪನ ಮೇಲೆ ತಪ್ಪಿಲ್ಲ ಅಂತಾಯ್ತಲ್ಲ, ಅವನು ಕೆಲಸಕ್ಕೆ ಬರ್ಲಿ. ಮನೆ ಮಾತು ಮನೆಯಾಗೇ ಇರ್ಲಿ.”

ಬಾವಿಕಟ್ಟೆಯಿಂದ ಅಜ್ಜಮ್ಮ ಮುಂದೆ ಬಂದಳು. ಆ ಮೂರು ದಿನದಲ್ಲಿ ನಾನು ಅವಳ ಬಾಯಲ್ಲಿ ಕೇಳಿದ ಮೊದಲ ಮಾತು ಅದು.

“ನನ್ನ ಗಂಡನ್ನ ಹೊರಗೆ ಹಾಕುವಾಗ ಅದು ಬೀದಿ ಮಾತಾಗಿತ್ತು ಸಾವ್ಕಾರ್ರೆ. ಈಗ ಹೆಂಗೆ ಮನೆ ಮಾತಾಯ್ತು?”

ನಾನು ಬಾವಿಕಟ್ಟೆಯ ಮೇಲೆ ಕೂತು ಫಿರ್ಯಾದು ಬರೆಯತೊಡಗಿದೆ. ಆರೋಪಿಯ ಹೆಸರು, ಊರು, ಕಸುಬು. ಏಳು ಮರಗಳಿಗೆ ಉಂಗುರ, ಆರು ಮರಗಳ ಸಾವು.

“ಕೊಟ್ರಬಸಪ್ಪ, ಏನು ಬರೀತಿದೀಯ? ನಾನು ಹೇಳಿದ್ನಾ?” ಮಹೇಶ್ವರಪ್ಪನವರ ದನಿ ಏರಿತು. “ಕೆಲಸ ಬ್ಯಾಡಾಯ್ತಾ ನಿನಗೆ?”

“ಶುಕ್ರವಾರ ನೀವು ಹೇಳಿದಿರಿ, ಬರೆದೆ. ಇವತ್ತು ನೀವು ಹೇಳದಿದ್ದರೂ ಬರೆಯುತ್ತೇನೆ. ಕೆಲಸದ ಮಾತು ಆಮೇಲೆ.”

ಬರೆದು ಮುಗಿಸಿ ರುಜುವಿಗೆ ಹಿಡಿದೆ. ಅಧ್ಯಕ್ಷರು ಕೈ ಚಾಚಲಿಲ್ಲ. ಕಲ್ಲೇಶಪ್ಪನವರು ಜನ ಸರಿಸಿ ಬಂದು, ಲೇಖನಿ ಕಿತ್ತುಕೊಂಡು, ಸಾಕ್ಷಿ ಎಂದು ದೊಡ್ಡದಾಗಿ ರುಜು ಹಾಕಿದರು. ಸಿದ್ದಲಿಂಗಮ್ಮ ಹೆಬ್ಬೆಟ್ಟು ಒತ್ತಿದರು. ಬೇಲಿ ದಾಟಿ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಕಾಗದದಲ್ಲಿ ಜಾಗ ಮುಗಿಯುತ್ತ ಬಂದಾಗ ಮಹೇಶ್ವರಪ್ಪನವರು ಎದ್ದು, ಯಾರ ಮುಖವನ್ನೂ ನೋಡದೆ, ಕೆಳಗೆ ಉಳಿದಿದ್ದ ಇಕ್ಕಟ್ಟಿನಲ್ಲಿ ತಮ್ಮ ಹೆಸರು ಬರೆದರು.

ಹೋಗುವ ಮುಂಚೆ ಅವರು ಗೋಣೆಪ್ಪನ ಎದುರು ನಿಂತರು. “ನಾಳೆಯಿಂದ ಬಾರಪ್ಪ. ಒಣಗಿದ ಮರ ಬೇರೆ ಯಾರಿಂದಾದ್ರೂ ಕಡಿಸ್ತೀನಿ. ಹೊಸ ಸಸಿ ಹಾಕಾಣ.”

ಗೋಣೆಪ್ಪ ಇಷ್ಟು ಹೊತ್ತೂ ಆ ಆರು ಮರಗಳನ್ನೇ ನೋಡುತ್ತಿದ್ದ.

“ಬರ್ತೀನಿ. ಸಸೀನೂ ಹಾಕ್ತೀನಿ. ಆದ್ರೆ ಅವನ್ನ ಕಡಿಯಂಗಿಲ್ಲ ಸಾವ್ಕಾರ್ರೆ. ತಾವಾಗೇ ಬೀಳೋಗಂಟ ನಿಂತಿರ್ಲಿ. ದಾರಿಯಾಗೆ ಹೋಗೋರು ಇವು ಯಾಕೆ ಹಿಂಗೆ ಒಣಗಿದ್ವು ಅಂತ ಕೇಳ್ತಾರೆ. ಕೇಳಿದೋರಿಗೆಲ್ಲ ನಾನು ಹೆಸರು ಹೇಳ್ತೀನಿ. ಮೊದಲು ಅವನ ಹೆಸರು. ಆಮೇಲೆ ನಿಮ್ಮದು.”

ಅಜ್ಜಮ್ಮ ಗೋಣಿಗಂಟು ಎತ್ತಿಕೊಂಡು ಗುಡಿಸಲಿನೊಳಗೆ ಹೋದಳು. ನಾನು ಫಿರ್ಯಾದು ಮಡಚಿಕೊಂಡು ಪೊಲೀಸ್ ಠಾಣೆಯ ಕಡೆ ನಡೆದೆ.